ಪಾಸ್ಕಲ್ ದೇವರ ದಾರಿ ಹಿಡಿದ ಮೇಲೆ ವಿಜ್ಞಾನ ಬಿಟ್ಟನೇ?

ಶಾಲೆಯಲ್ಲಿ ದ್ರವದ ಒತ್ತಡದ ಪಾಸ್ಕಲ್ ನಿಯಮ ಓದಿದವರಿಗೆ, ಅದೇ ಮನುಷ್ಯ ಕ್ರೈಸ್ತ ಅನುಭಾವಿಯೂ ಹೌದು ಎಂದು ಗೊತ್ತಾದಾಗ ಏಳುವ ಪ್ರಶ್ನೆ ಇದು. ನನ್ನ ಉತ್ತರ: ಬಿಡಲಿಲ್ಲ. ಅದಕ್ಕೆ ಕೊಡುತ್ತಿದ್ದ ಬೆಲೆ ಮಾತ್ರ ಬದಲಾಯಿತು.

1654ರ ನವೆಂಬರ್ 23, ಸೋಮವಾರ. ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಆದ ಅನುಭವವನ್ನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹಾಳೆಯೊಂದರಲ್ಲಿ ಬರೆದಿಟ್ಟ. ಮೊದಲು ದಿನಾಂಕ, ಹೊತ್ತು. ಆಮೇಲೆ ಒಂದೇ ಪದ, ‘ಬೆಂಕಿ’. ಕೆಳಗೆ, ಅಬ್ರಹಾಮ, ಇಸಾಕ, ಯಾಕೋಬರ ದೇವರು, ತತ್ತ್ವಜ್ಞಾನಿಗಳ ಪಂಡಿತರ ದೇವರಲ್ಲ ಎಂಬ ಸಾಲು. ಚರ್ಮದ ಹಾಳೆಯ ಮೇಲೂ ನಕಲು ಮಾಡಿಕೊಂಡ. ಅಂಗಿಯ ಒಳಪದರದಲ್ಲಿ ಹೊಲಿದಿಟ್ಟಿದ್ದ ಅವು 1662ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ ಮೇಲೆ ಆಳಿನ ಕೈಗೆ ಸಿಕ್ಕವು. ಅಂಥ ಗಳಿಗೆಯಲ್ಲೂ ಹೊತ್ತು ನಮೂದಿಸಿದ್ದು ಪ್ರಯೋಗದಲ್ಲಿ ಪಳಗಿದ ಕೈ.

ಆ ಪಳಗಿಕೆ ಎಂಥದ್ದೆಂದು 1648ರ ಪ್ರಯೋಗ ತೋರಿಸುತ್ತದೆ. ಗಾಳಿಗೆ ತೂಕವಿದ್ದರೆ, ಅದರ ಒತ್ತಡ ಕಡಿಮೆಯಿರುವ ಬೆಟ್ಟದ ಮೇಲೆ ಕೊಳವೆಯೊಳಗಿನ ಪಾದರಸ ಇಳಿಯಬೇಕು. ಪಾಸ್ಕಲ್ ಹೇಳಿದಂತೆ ಭಾವ ಪೆರಿಯೆ ಕೊಳವೆ ಹಿಡಿದು ಪ್ಯುಯಿ ದ ಡೋಮ್ ಎಂಬ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಮೂರು ಅಂಗುಲಕ್ಕೂ ಹೆಚ್ಚು ಇಳಿದಿತ್ತು. ಇನ್ನೊಂದು ಕೊಳವೆಯನ್ನು ಕೆಳಗೆ ಮಠದ ತೋಟದಲ್ಲೇ ಬಿಟ್ಟು, ದಿನವಿಡೀ ಕಾಯಲು ಸನ್ಯಾಸಿಯೊಬ್ಬರನ್ನು ಕೂರಿಸಿದ್ದರು. ಅದು ಅಲುಗಲಿಲ್ಲ. ಆ ಎರಡನೆಯ ಕೊಳವೆ ಇರದಿದ್ದರೆ, ಹವೆ ಬದಲಾದ್ದರಿಂದ ಇಳಿಯಿತು ಎಂದು ಯಾರಾದರೂ ತಳ್ಳಿಹಾಕಬಹುದಿತ್ತು.

‘ಬೆಂಕಿ’ಯ ರಾತ್ರಿ ಕಳೆದು ನಾಲ್ಕು ವರ್ಷಕ್ಕೆ ಅವನು ಸೈಕ್ಲಾಯ್ಡ್ ಹಿಡಿದ: ಉರುಳುವ ಚಕ್ರದ ಅಂಚಿನ ಒಂದು ಬಿಂದು ಗಾಳಿಯಲ್ಲಿ ಬರೆಯುವ ಕಮಾನು. ಅದರ ಲೆಕ್ಕಗಳಿಗೆ ತನ್ನ ಹೆಸರು ಮರೆಮಾಡಿ ಸ್ಪರ್ಧೆ ಸಾರಿ, 40 ಮತ್ತು 20 ಪಿಸ್ತೋಲ್ (ಆಗಿನ ಚಿನ್ನದ ನಾಣ್ಯ) ಬಹುಮಾನ ಇಟ್ಟ, ಯಾರಿಗೂ ದಕ್ಕಲಿಲ್ಲ. ಆ ಬರಹಗಳಲ್ಲಿದ್ದ ಒಂದು ಪುಟ್ಟ ತ್ರಿಕೋನ ಮುಂದೆ ಗಣಿತಜ್ಞ ಲೈಬ್ನಿಜ್‌ಗೆ ಕಲನಶಾಸ್ತ್ರದ ದಾರಿ ತೋರಿತು. ಅನುಭಾವ ಅವನ ಬುದ್ಧಿ ಮಂಕು ಮಾಡಿತು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ!

ಆದರೂ 1660ರಲ್ಲಿ ಗಣಿತಜ್ಞ ಫರ್ಮಾಗೆ ಬರೆದ ಪತ್ರ ಮರೆಯುವಂತಿಲ್ಲ: ರೇಖಾಗಣಿತ ಬುದ್ಧಿಗೆ ಅತ್ಯುನ್ನತ ಕಸರತ್ತು, ಆದರೆ ಅದಕ್ಕಾಗಿ ಎರಡು ಹೆಜ್ಜೆಯನ್ನೂ ಇಡಲಾರೆ ಎಂದ.

ಹೆಜ್ಜೆ ಇಟ್ಟದ್ದು ಬೇರೆಡೆಗೆ. 1662ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಅವನ ಯೋಜನೆಯ ಸಾರ್ವಜನಿಕ ಗಾಡಿಗಳು ಓಡತೊಡಗಿದವು. ಗೊತ್ತಾದ ಮಾರ್ಗ, ಗೊತ್ತಾದ ವೇಳೆ, ಐದು ಸೂ (ಆಗಿನ ಸಣ್ಣ ನಾಣ್ಯ) ದರ. ಗಾಡಿ ಖಾಲಿಯಿದ್ದರೂ ಹೊರಡಲೇಬೇಕು. ತನ್ನ ಪಾಲಿನ ಹಣವನ್ನು ಬ್ಲೂವಾ ಊರಿನ ಬಡವರಿಗೆ ಮುಂಗಡವಾಗಿ ಕೊಡಿಸಲು ನೋಡಿದ. ಕೂಲಿಯವರು, ಸೈನಿಕರು, ಆಳುಗಳು ಹತ್ತಕೂಡದು ಎಂದು ಪ್ಯಾರಿಸ್ಸಿನ ನ್ಯಾಯಮಂಡಲಿ ವಿಧಿಸಿತು. ಜನರ ಒಲವು ಹೋಯಿತು. ಕೊನೆಗೆ ಗಾಡಿಗಳು ನಿಂತವು.