ಮೊದಲ ಬೈಕು: ಸಿಸಿ ಆಮೇಲೆ, ತೂಕ ಮೊದಲು

ಶೋರೂಮಿನೊಳಗೆ ಕಾಲಿಟ್ಟ ಹೊಸಬರು ಕೇಳುವುದು ಎರಡೇ: ಎಷ್ಟು ಸಿಸಿ, ಎಷ್ಟು ಮೈಲೇಜು. ಎರಡನ್ನೂ ಸೇಲ್ಸ್‌ನವರು ಕೇಳದೆಯೇ ಹೇಳುತ್ತಾರೆ. ಬ್ರೋಷರಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೆರಡು ಅಂಕಿ ಇರುತ್ತವೆ: ಕರ್ಬ್ ತೂಕ (ಆಯಿಲ್, ಪೆಟ್ರೋಲ್ ಸೇರಿದ ಗಾಡಿಯ ತೂಕ), ಸೀಟಿನ ಎತ್ತರ. ಗೇರ್ ಬೈಕು ಈಗಷ್ಟೇ ಕಲಿಯುತ್ತಿರುವವರಿಗೆ ಮೊದಲ ಆರು ತಿಂಗಳು ನಿಜಕ್ಕೂ ಲೆಕ್ಕಕ್ಕೆ ಬರುವುದು ಇವೇ.

ಕಲಿಯುವವರ ಕೈಯಲ್ಲಿ ಗಾಡಿ ಬೀಳುವುದು ಹೆಚ್ಚಾಗಿ ನಿಂತ ಜಾಗದಲ್ಲಿ, ಇಲ್ಲವೇ ನಡಿಗೆಯ ವೇಗದಲ್ಲಿ. ಯೂ ಟರ್ನ್ ಮಧ್ಯದಲ್ಲಿ ಎಂಜಿನ್ ಆಫ್ ಆಗುತ್ತದೆ. ಏರಿನಲ್ಲಿ ಸಿಗ್ನಲ್ ಬಿದ್ದು ಕಾಲು ಊರಲು ಹೋದರೆ ಆ ಬದಿಯೇ ತಗ್ಗಾಗಿರುತ್ತದೆ. ಜಲ್ಲಿ ಮೇಲೆ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿಯುತ್ತಾರೆ. ಗಾಡಿ ವಾಲಿದ ಆ ಒಂದು ಕ್ಷಣದಲ್ಲಿ ಹಗುರದ್ದಾದರೆ ಒಂದೇ ಕಾಲಿನಲ್ಲಿ ತಡೆಯಬಹುದು. ಭಾರದ್ದನ್ನು ತಡೆಯಲು ಹೋದರೆ ಗಾಡಿಯ ಜೊತೆಗೆ ನೀವೂ ನೆಲಕ್ಕೆ.

ಅಂಕಿಗಳನ್ನೇ ನೋಡಿ. ಹೊಂಡಾ ಶೈನ್ 100 ತೂಗುವುದು 99 ಕೆ.ಜಿ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112, ಟಿವಿಎಸ್ ರೈಡರ್ 123, ಪಲ್ಸರ್ 150 ಸುಮಾರು 148. ರಾಯಲ್ ಎನ್‌ಫೀಲ್ಡ್ ಹಂಟರ್ 350ಕ್ಕೆ ಬಂದರೆ 181, ಕ್ಲಾಸಿಕ್ 350 ಆದರೆ 195. ಅಂದರೆ ಶೈನ್ 100ರ ಹೆಚ್ಚುಕಡಿಮೆ ಎರಡರಷ್ಟು. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ, ಟೆಸ್ಟ್ ರೈಡ್‌ನಲ್ಲಿ ಎಲ್ಲರೂ ಮೋಸಹೋಗುವುದು ಇಲ್ಲೇ. ಶೋರೂಮಿನವರು ಗಾಡಿಯನ್ನು ರಸ್ತೆಗೆ ಮುಖ ಮಾಡಿ, ಸ್ಟಾರ್ಟ್ ಮಾಡಿ ಕೊಡುತ್ತಾರೆ. ನೀವು ನೇರ ರಸ್ತೆಯಲ್ಲಿ ಹೋಗಿ ಬರುತ್ತೀರಿ. ತೂಕ ಕೈಗೆ ಬರುವ ಸಂದರ್ಭವೇ ಒದಗುವುದಿಲ್ಲ.

ಹಾಗಾಗಿ ಬೇರೆ ಥರ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರಲಿ. ದಿನವೂ ಹಾಕುವ ಶೂ ತೊಟ್ಟು ಸೀಟಿನ ಮೇಲೆ ಕುಳಿತು, ಕಾಲಿನಲ್ಲಿ ತಳ್ಳುತ್ತಾ ಹತ್ತು ಅಡಿ ಹಿಂದಕ್ಕೆ ಹೋಗಿ. ಶೋರೂಮಿನ ಮುಂದೆ ಸಣ್ಣ ಇಳಿಜಾರಿದ್ದರೆ ಅಲ್ಲೇ, ಏರಿನ ಕಡೆಗೆ ಹಿಂದಕ್ಕೆ ತಳ್ಳಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮಡಿಕೇರಿಯಂಥ ಊರಿನ ಅಂಗಡಿ ಬೀದಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಗಾಡಿಯನ್ನು ನೀವು ದಿನಾ ಹೊರಗೆ ತೆಗೆಯಬೇಕಾದ್ದು ಹೀಗೇ. ಆಮೇಲೆ ಇಳಿದು ಎಡಬದಿಯಲ್ಲಿ ನಿಂತು, ತಳ್ಳಿಕೊಂಡು ಒಂದು ಪೂರ್ತಿ ಸುತ್ತು ಬನ್ನಿ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನಿಂದ ಎತ್ತುವುದಲ್ಲ, ಸ್ಟ್ಯಾಂಡಿನ ಎರಡು ಪಾದವೂ ನೆಲ ಮುಟ್ಟಿದ ಮೇಲೆ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಬಿಡಬೇಕು, ಬಲಗೈ ಗಾಡಿಯನ್ನು ಹಿಂದಕ್ಕೆ ಒಯ್ಯುತ್ತದೆ ಅಷ್ಟೇ. ಈ ಮೂರರಲ್ಲಿ ಎಲ್ಲಾದರೂ ಉಸಿರು ಕಟ್ಟಿದರೆ ಆ ಬೈಕು ಸದ್ಯಕ್ಕೆ ನಿಮ್ಮದಲ್ಲ.

ಸೀಟಿನ ಎತ್ತರದ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಸ್ಪ್ಲೆಂಡರ್ 785 ಮಿ.ಮೀ., ಕ್ಲಾಸಿಕ್ 350 ಆದರೆ 805. ಕಾಗದದ ಮೇಲೆ ಎರಡೇ ಸೆಂಟಿಮೀಟರ್ ವ್ಯತ್ಯಾಸ. ಆದರೆ ಸೀಟು ಅಗಲವಿದ್ದಷ್ಟೂ ತೊಡೆ ಹೊರಕ್ಕೆ ಹೋಗಿ ಕಾಲು ಗಿಡ್ಡವಾಗುತ್ತದೆ. ಎರಡೂ ಪಾದದ ಮುಂಭಾಗ ನೆಲಕ್ಕೆ ಒತ್ತಬೇಕು, ಸ್ವಲ್ಪ ಸರಿದರೆ ಒಂದು ಪಾದ ಪೂರ್ತಿ ಊರಬೇಕು. ಅಷ್ಟು ಸಿಕ್ಕರೆ ಸಾಕು. ಹಿಮಾಲಯನ್ 450ರಂಥವು 825 ಮಿ.ಮೀ.ನಿಂದ ಶುರುವಾಗುತ್ತವೆ, ಐದೂವರೆ ಅಡಿ ಎತ್ತರದವರು ಅದರಲ್ಲಿ ಕಲಿಯಲು ಹೊರಡುವುದು ಬೇಡದ ಸಾಹಸ.

ಈಗ ಸಿಸಿ ವಿಚಾರ. ಸಿಸಿಯಿಂದ ಗಾಡಿಯ ಸ್ವಭಾವ ತಿಳಿಯುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಅಳೆಯುವುದು ಪಿಎಸ್‌ನಲ್ಲಿ. ಸ್ಪ್ಲೆಂಡರಿನ ಎಂಜಿನ್ ಕೊಡುವುದು ಸುಮಾರು 8 ಪಿಎಸ್. 350 ಸಿಸಿ ಕ್ಲಾಸಿಕ್ ಕೊಡುವುದು 20ರ ಆಸುಪಾಸು. 200 ಸಿಸಿಯ ಕೆಟಿಎಂ ಡ್ಯೂಕ್ 25, ಹೊಸ 390 ಡ್ಯೂಕ್ 46. ದೊಡ್ಡ ಎನ್‌ಫೀಲ್ಡ್‌ಗಿಂತ ಸಣ್ಣ ಡ್ಯೂಕೇ ಚುರುಕು. ಎನ್‌ಫೀಲ್ಡಿನಲ್ಲಿ ಹೊಸಬರಿಗೆ ಕಷ್ಟವಾಗುವುದು ಅದರ ತೂಕ, ವೇಗವಲ್ಲ. ಡ್ಯೂಕಿನದು ಬೇರೆಯೇ ಕಷ್ಟ. ಹಂಪ್ ಮೇಲೆ ಹಾರಿದಾಗ ಮಣಿಕಟ್ಟು ತಾನಾಗಿ ತಿರುಗಿ ಆಕ್ಸಿಲರೇಟರ್ ಒಂದಿಷ್ಟು ಜಾಸ್ತಿಯಾಗುವುದು ಕಲಿಯುವವರಲ್ಲಿ ಮಾಮೂಲು. 8 ಪಿಎಸ್ ಗಾಡಿ ಅದನ್ನು ಕ್ಷಮಿಸುತ್ತದೆ, 46 ಪಿಎಸ್‌ನದ್ದು ಮುಂದಿದ್ದ ಆಟೋಗೆ ಹೋಗಿ ಗುದ್ದುತ್ತದೆ.

ಸಿಟಿಯೊಳಗೆ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಾಟವಿದ್ದರೆ 100ರಿಂದ 125 ಸಿಸಿ ಧಾರಾಳವಾಯಿತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವವರು, ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲಿ ಲಾರಿಗಳ ಮಧ್ಯೆ ಊರಿಗೆ ಹೋಗುವವರು 150–160 ಸಿಸಿ ನೋಡಬಹುದು: ಯೂನಿಕಾರ್ನ್, ಎಫ್‌ಝಡ್, ಅಪಾಚೆ 160 ಇತ್ಯಾದಿ. 70ರಲ್ಲಿ ಓಡುವಾಗ ಲಾರಿಯನ್ನು ಹಿಂದಿಕ್ಕಲು ಸ್ವಲ್ಪ ದಮ್ಮು ಉಳಿದಿರಬೇಕು, 100 ಸಿಸಿ ಗಾಡಿಯಲ್ಲಿ ಅದು ಇರುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೇಕೆಂದು ದೊಡ್ಡ ಬೈಕು ಹುಡುಕುವವರೂ ಇದ್ದಾರೆ. ಅದರ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೇ ಇಲ್ಲ, ನೀವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಗೇರ್ ವಿಚಾರದಲ್ಲಿ ಒಂದು ಅಪಾಯವಿದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ಪ್ಲೆಂಡರಿನಂಥ ನಾಲ್ಕು ಗೇರಿನ ಗಾಡಿಯಲ್ಲಿ ಎಲ್ಲ ಗೇರೂ ಒಂದೇ ದಿಕ್ಕು: ಮುಂಗಾಲಿನಲ್ಲಿ ಒತ್ತುತ್ತಾ ಹೋದರೆ ಒಂದರಿಂದ ನಾಲ್ಕು. 150 ಸಿಸಿಯ ಐದು ಗೇರಿನವುಗಳಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಸ್ಪ್ಲೆಂಡರಿನಲ್ಲಿ ಕಲಿತ ಕಾಲು ಪಲ್ಸರ್ ಮೇಲೆ ಮೂರನೇ ಗೇರಿನಲ್ಲಿ 50ರಲ್ಲಿದ್ದಾಗ, ನಾಲ್ಕಕ್ಕೆ ಹಾಕೋಣವೆಂದು ಮುಂದೆ ಒತ್ತಿದರೆ ಎರಡಕ್ಕೆ ಬೀಳುತ್ತದೆ. ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಚಕ್ರ ಜಗ್ಗಿ ಹಿಡಿಯುತ್ತದೆ, ಒದ್ದೆ ರಸ್ತೆಯಾದರೆ ಜಾರುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ಯಾವ ಥರದ್ದರಲ್ಲಿ ಕಲಿತಿರೋ ಮೊದಲ ಗಾಡಿಯೂ ಅದೇ ಥರದ್ದಾಗಿದ್ದರೆ ಲೇಸು. ಬೇರೆಯದಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇಟ್ಟು, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಕಾಲಿಗೆ ಹೊಸ ಪಾಠ ಮಾಡಿಸಿ. ಚೈನಿನಿಂದ ಬೆರಳು ದೂರ ಇರಲಿ.

ಅಂದಹಾಗೆ, ಸ್ಕೂಟರಿಗೆ ಮಾತ್ರ, ಅಂದರೆ ಗೇರ್ ಇಲ್ಲದ ವಾಹನಕ್ಕೆ ಡಿಎಲ್ ಇದ್ದರೆ ಅದು ಬೈಕಿಗೆ ನಡೆಯುವುದಿಲ್ಲ. ಗೇರ್ ಇರುವ ದ್ವಿಚಕ್ರದ ವರ್ಗವನ್ನು ಸೇರಿಸಲು ಮತ್ತೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ, 30 ದಿನ ಕಳೆದ ಮೇಲೆ ಆರ್‌ಟಿಒದಲ್ಲಿ ಎಂಟು ಹೊಡೆದು ತೋರಿಸಬೇಕು. ಎಂಟು ಹೊಡೆಯಲು ಸಹ ಹಗುರ ಗಾಡಿಯೇ ಬೇಕಾಗುವುದು!

ಬ್ರೇಕಿನ ಬಗ್ಗೆ ಚುಟುಕಾಗಿ: 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಕಾಲಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಚಕ್ರ ಲಾಕ್ ಆಗುವುದನ್ನು ಅದು ತಪ್ಪಿಸುವುದಿಲ್ಲ. ಸಿಂಗಲ್ ಚಾನೆಲ್ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. 2019ಕ್ಕೂ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಎರಡೂ ಇಲ್ಲದಿರುವುದೇ ಹೆಚ್ಚು. ಬೆಲೆ ಕಡಿಮೆ ಅಂತ ಅದನ್ನು ಮರೆಯಬೇಡಿ. ಮುಂದೆ ಡಿಸ್ಕ್ ಬ್ರೇಕ್ ಇರುವ ಮಾಡೆಲ್‌ಗೆ ಕೆಲವು ಸಾವಿರ ಜಾಸ್ತಿ ಕೊಟ್ಟರೆ ನಷ್ಟವಿಲ್ಲ.

ದುಡ್ಡಿನ ಲೆಕ್ಕಕ್ಕೆ ಎಕ್ಸ್ ಶೋರೂಮ್ ಬೆಲೆ ನೋಡಬೇಡಿ, ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಲ್ಲಿ 75 ದಾಟಿ 150 ಸಿಸಿವರೆಗೆ 3,851 ರೂ., 150 ದಾಟಿ 350ರವರೆಗೆ 7,365, ಅದರಾಚೆ 15,117, ತೆರಿಗೆ ಬೇರೆ. 149 ಸಿಸಿಯ ಎಫ್‌ಝಡ್‌ಗೂ 163ರ ಯೂನಿಕಾರ್ನ್‌ಗೂ ಇಲ್ಲೇ ಮೂರೂವರೆ ಸಾವಿರ ವ್ಯತ್ಯಾಸ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನವಕ್ಕೆ ಜಿಎಸ್‌ಟಿ ಶೇ 28ರಿಂದ 18ಕ್ಕಿಳಿದಿದೆ, ಮೇಲಿನವಕ್ಕೆ ಶೇ 40. ಹೀಗೆ ಉಳಿದ ಹಣದಲ್ಲಿ ಎಂಟು–ಹತ್ತು ಸಾವಿರವನ್ನು ಹೆಲ್ಮೆಟ್, ಗ್ಲೌಸ್, ಪಾದದ ಗಂಟು ಮುಚ್ಚುವ ಶೂ, ರೇನ್‌ಕೋಟಿಗೆ ಎತ್ತಿಡಿ. ಹೆಲ್ಮೆಟ್ ಪೂರ್ತಿ ಮುಖದ್ದೇ ಇರಲಿ, ಐಎಸ್ 4151 ಎಂದು ನಮೂದಿಸಿದ ಐಎಸ್‌ಐ ಗುರುತು ಇರಲಿ. ಪಟ್ಟಿ ಬಿಗಿದ ಮೇಲೆ ಹಿಂಭಾಗದಿಂದ ಮುಂದಕ್ಕೆ ಎತ್ತಿ ನೋಡಿ, ಕಳಚಿ ಬಂದರೆ ಸೈಜು ದೊಡ್ಡದು. ಕೆನ್ನೆ ಸ್ವಲ್ಪ ಒತ್ತುವಂತಿರಬೇಕು, ಸ್ಪಾಂಜು ತಿಂಗಳಲ್ಲಿ ಸಡಿಲವಾಗುತ್ತದೆ.

ಹೊಸದೋ ಹಳೆಯದೋ? ಮೊದಲ ಗಾಡಿ ಒಮ್ಮೆಯಾದರೂ ಬೀಳುತ್ತದೆ. ಇಂಡಿಕೇಟರ್ ಒಡೆಯುತ್ತದೆ, ಲಿವರ್ ಬಗ್ಗುತ್ತದೆ, ಟ್ಯಾಂಕಿಗೆ ಗೀರು ಬೀಳುತ್ತದೆ. ಪ್ರತಿ ಊರಿನ ಮೆಕ್ಯಾನಿಕ್ಕಿಗೂ ಕೈಪಾಠವಾಗಿರುವ, ಬಿಡಿಭಾಗ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೂ ಸಿಗುವ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್, ಶೈನ್ ಅಥವಾ ಯೂನಿಕಾರ್ನ್‌ಗೇ ನಮ್ಮ ಮತ. ಒಂದು ಷರತ್ತು: ಸರಿಯಾಗಿ ನೋಡಿ ಕೊಳ್ಳಬೇಕು.

ನೋಡಲು ಬೆಳಗ್ಗೆಯೇ ಹೋಗಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದರೆ ತಣ್ಣಗಿನ ಎಂಜಿನ್ನಿನ ಕಾಯಿಲೆಯೇನೋ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಪಡಿ. ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಯಲ್ಲಿ ಬಿಳಿ ಆವಿ ಬಂದು ಎರಡು ನಿಮಿಷದಲ್ಲಿ ನಿಂತರೆ ಅದು ಬರೀ ತೇವ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ: ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಹೋಗಿದೆ, ಎಂಜಿನ್ ಬಿಚ್ಚುವ ಕೆಲಸ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಹಿಂದೆ ಒಬ್ಬರು ಒತ್ತಿ ಹಿಡಿಯಲಿ, ಮುಂದಿನ ಚಕ್ರ ನೆಲ ಬಿಡುತ್ತದೆ. ಹ್ಯಾಂಡಲನ್ನು ಎರಡು ಬೆರಳಲ್ಲಿ ನಿಧಾನ ಎಡಕ್ಕೂ ಬಲಕ್ಕೂ ತಿರುಗಿಸಿ. ಸರಿಯಾಗಿ ಮಧ್ಯಕ್ಕೆ ಬಂದಾಗ ಗುಳಿಯಲ್ಲಿ ಕೂತಂತೆ ಸಿಕ್ಕಿಕೊಂಡರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಇನ್ನು ಮುಂದಿನ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ಕಟಕಟ ಎಂದರೆ ಅದೇ ಕಾಯಿಲೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಸೋರುತ್ತಿದೆ. ಇವೆರಡೂ ದೊಡ್ಡ ಖರ್ಚಲ್ಲ, ಚೌಕಾಸಿಗೆ ಒಳ್ಳೆಯ ಅಸ್ತ್ರ. ಆದರೆ ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಫ್ರೇಮಿನ ಸ್ಟಾಪರ್ ನಜ್ಜುಗುಜ್ಜಾಗಿದ್ದರೆ, ಅಲ್ಲಿ ಹೊಸ ವೆಲ್ಡಿಂಗ್ ಅಥವಾ ಬೇರೆ ಬಣ್ಣ ಕಂಡರೆ ಗಾಡಿ ಜೋರಾಗಿ ಗುದ್ದಿದೆ ಅಂತಲೇ ಅರ್ಥ. ಬೆಲೆ ಎಷ್ಟೇ ಇಳಿಸಲಿ, ವಾಪಸ್ ಬನ್ನಿ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ಹಿಂಬದಿಯಿಂದ ಎಳೆದು ನೋಡಿ. ಹಲ್ಲಿನ ಅರ್ಧ ಭಾಗ ಕಾಣುವಷ್ಟು ಮೇಲೆದ್ದರೆ ಚೈನ್ ಸ್ಪ್ರಾಕೆಟ್ ಸೆಟ್ಟೇ ಬದಲಾಯಿಸಬೇಕು. ಟೈರಿನ ಪಕ್ಕದ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೀಟರು 12,000 ಕಿ.ಮೀ. ತೋರಿಸುತ್ತಿದ್ದು, ಫುಟ್‌ರೆಸ್ಟಿನ ರಬ್ಬರೂ ಗೇರ್ ಲಿವರಿನ ರಬ್ಬರೂ ಸವೆದು ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡಿ. ಓಡಿಸುವಾಗ ಮೇಲಿನ ಗೇರಿನಲ್ಲಿ 40ರಿಂದ ಒಮ್ಮೆಗೇ ಆಕ್ಸಿಲರೇಟರ್ ಕೊಡಿ; ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ.

ಕಾಗದಪತ್ರಕ್ಕೆ ಮೆಕ್ಯಾನಿಕ್ ಬೇಡ, ತಾಳ್ಮೆ ಬೇಕು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಗಾಡಿಯ ಮೇಲೆ ಕೊರೆದಿರುವುದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸಾಲದ ನಮೂದು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30. ಬೇರೆ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿಯೂ ಬೇಕು. ಕೇರಳ, ತಮಿಳುನಾಡು ನೋಂದಣಿಯ ಗಾಡಿ ಅಗ್ಗಕ್ಕೆ ಸಿಗುತ್ತದೆ ನಿಜ, ಇಲ್ಲಿಗೆ ತಂದಾಗ ಕರ್ನಾಟಕದ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಉಳಿಯುವುದಿಲ್ಲ. ಬಾಕಿ ಇರುವ ದಂಡವನ್ನು ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ನೀವು ಕಟ್ಟಬೇಕಾಗುತ್ತದೆ.

ಗಾಡಿ ಮನೆಗೆ ಬಂದ ದಿನ ಎಂಜಿನ್ ಆಯಿಲ್ ಬದಲಾಯಿಸಿ. ಚೈನಿನ ಸಡಿಲ ನಡುಭಾಗದಲ್ಲಿ 20–30 ಮಿ.ಮೀ. ಇರಲಿ, ಕ್ಲಚ್ ಲಿವರಿನ ತುದಿಯಲ್ಲಿ 10–20 ಮಿ.ಮೀ. ಆಟ ಇರಲಿ. ಆಟ ಇಲ್ಲದೆ ಬಿಗಿದರೆ ಪ್ಲೇಟ್ ಸುಡುತ್ತದೆ. ಜಾಸ್ತಿ ಬಿಟ್ಟರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ನ್ಯೂಟ್ರಲ್ಲೇ ಸಿಗುವುದಿಲ್ಲ, ಸಿಗ್ನಲ್‌ನಲ್ಲಿ ಹೊಸಬರು ಪರದಾಡುವುದು ಬಹುಪಾಲು ಇದರಿಂದಲೇ. ಗ್ಯಾರೇಜಿನಲ್ಲಿ ಕೇಬಲ್ಲಿನ ನಟ್ ತಿರುಗಿಸಿ ಕೊಡುವುದಕ್ಕೆ ಐದು ನಿಮಿಷ ಸಾಕು. ಲಿವರುಗಳು ಬೆರಳಿಗೆ ದೂರವಾದರೆ ಅದನ್ನೂ ಆಗಲೇ ಸ್ವಲ್ಪ ಕೆಳಕ್ಕೆ ತಿರುಗಿಸಿ ಬಿಗಿಸಿಕೊಳ್ಳಿ.