ಇಳಿದ ಹಡಗನ್ನೇ ಮತ್ತೆ ಹತ್ತುವುದೇಕೆ?

ಹಾಸನದಲ್ಲಿ ತೆರಿಗೆ ಸಲಹೆಯ ಕಚೇರಿ ಇಟ್ಟುಕೊಂಡಿರುವ ನನ್ನ ಬಳಿ ಜನ ಬರುವುದು ರಿಟರ್ನ್ ತುಂಬಿಸಲು. ಆದರೆ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೆಲ್ಲ ಕ್ರೂಸ್‌ಗೆ ಹೋಗುತ್ತೇವೆಂದೂ, ಒಂದು ಯಾನ ಮುಗಿಸಿ ಹಡಗು ಬಂದರಿಗೆ ಮರಳಿದ ದಿನವೇ ಅದೇ ಹಡಗಿನಲ್ಲಿ ಮುಂದಿನ ಯಾನಕ್ಕೂ ಹೊರಡುತ್ತೇವೆಂದೂ ತಿಳಿದ ಮೇಲೆ, ಸಕಲೇಶಪುರದ ತೋಟದವರಿಂದ ಹಿಡಿದು ನಮ್ಮ ಬೀಗರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಅದೇ ಹಡಗು, ಅದೇ ಊಟ, ಅದೇ ಸಮುದ್ರ; ಬೇಸರ ಬರುವುದಿಲ್ಲವೇ, ದುಡ್ಡು ದಂಡವಲ್ಲವೇ?

ನನ್ನ ಉತ್ತರದ ಮೊದಲ ಭಾಗ ಸಮುದ್ರಕ್ಕಿಂತ ಹೆಚ್ಚಾಗಿ ಹಾಸನದ ಭೂಗೋಳಕ್ಕೆ ಸೇರಿದ್ದು. ನಾವು ಹತ್ತುವುದು ಸಿಂಗಪುರದಲ್ಲಿ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ಅಲ್ಲಿಂದ ಊರು ಸುತ್ತಿ ದೇವನಹಳ್ಳಿ, ಆಮೇಲೆ ನಾಲ್ಕೂವರೆ ಗಂಟೆಯ ವಿಮಾನ, ಇಳಿದಾಗ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲವಾದ್ದರಿಂದ ಹಿಂದಿನ ದಿನವೇ ತಲುಪಿ ಒಂದು ರಾತ್ರಿ ಹೋಟೆಲಿನಲ್ಲಿ ತಂಗುವುದು ಅನಿವಾರ್ಯ. ವಯಸ್ಸಾದ ಅಮ್ಮನನ್ನೂ ಅತ್ತೆಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ಇಷ್ಟೆಲ್ಲ ಮಾಡಿ, ಮೂರೇ ರಾತ್ರಿ ಹಡಗಿನಲ್ಲಿದ್ದು ಹಿಂತಿರುಗಿದರೆ ನನ್ನ ಲೆಕ್ಕದ ಪುಸ್ತಕ ಒಪ್ಪುವುದಿಲ್ಲ. ವಿಮಾನದ ಟಿಕೆಟು, ವೀಸಾ ಶುಲ್ಕ, ಹೋಟೆಲು, ಟ್ಯಾಕ್ಸಿ ಇವು ಒಂದು ಯಾನಕ್ಕೂ ಅಷ್ಟೇ, ಎರಡು ಯಾನಕ್ಕೂ ಅಷ್ಟೇ. ಸಿಂಗಪುರದಿಂದ ಹೊರಡುವ ಹಡಗುಗಳು ಹೆಚ್ಚಾಗಿ ಮೂರು ಅಥವಾ ನಾಲ್ಕು ರಾತ್ರಿಯ ಸಣ್ಣ ಯಾನಗಳನ್ನೇ ಮಾಡುವುದರಿಂದ ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿದರೆ ಒಂದು ವಾರವಾಗುತ್ತದೆ. ಅಷ್ಟು ದೂರ ಹೋದದ್ದಕ್ಕೆ ಅದು ನ್ಯಾಯ.

ಹೀಗೆ ಸೇರಿಸಿದರೂ ಕಾಗದದ ಮೇಲೆ ಅವು ಎರಡು ಬೇರೆ ಬೇರೆ ಬುಕಿಂಗ್‌ಗಳೇ ಎಂಬುದನ್ನು ಮೊದಲು ತಿಳಿದಿರಬೇಕು. ಎರಡಕ್ಕೂ ಒಂದೇ ಕ್ಯಾಬಿನ್ ಸಿಗುವಂತೆ ಒಟ್ಟಿಗೆ ಕಾಯ್ದಿರಿಸುವುದು ಜಾಣತನ. ಸಿಗದಿದ್ದರೆ ನಡುವಿನ ದಿನ ಪೆಟ್ಟಿಗೆ ಕಟ್ಟಬೇಕಾಗುತ್ತದೆ, ಹ್ಯಾಂಗರಿನಲ್ಲಿರುವ ಬಟ್ಟೆಗಳನ್ನು ಸಾಮಾನ್ಯವಾಗಿ ಸಿಬ್ಬಂದಿಯೇ ಹಾಗೆಯೇ ಹೊಸ ಕ್ಯಾಬಿನ್ನಿಗೆ ಒಯ್ಯುತ್ತಾರೆ. ಹಡಗಿನೊಳಗಿನ ಖರ್ಚಿನ ಲೆಕ್ಕ ಮೊದಲ ಯಾನದ ಕೊನೆಗೆ ಚುಕ್ತಾ ಆಗಿ ಹೊಸದಾಗಿ ಶುರುವಾಗುತ್ತದೆ. ಎರಡು ಕೊಂಡರೆ ರಿಯಾಯಿತಿ ಇದ್ದೇ ಇರುತ್ತದೆಂಬ ನಂಬಿಕೆ ಬೇಡ. ಹಲವು ಹಡಗುಗಳಲ್ಲಿ ದಿನಕ್ಕೆ ತಲೆಗೆ ಇಷ್ಟು ಎಂದು ಸೇವಾ ಕಾಣಿಕೆ ಬೀಳುತ್ತದೆ, ಮಕ್ಕಳ ತಲೆಯನ್ನೂ ಎಣಿಸುತ್ತಾರೆ. ಅದನ್ನು ಸೇರಿಸದೆ ದರ ಹೋಲಿಸುವುದು ವ್ಯರ್ಥ. ವೃತ್ತಿಯ ಚಪಲಕ್ಕೆ ಇನ್ನೊಂದು ಮಾತು: ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ವಸೂಲಿ ಮಾಡುವ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಖರ್ಚಲ್ಲ, ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗಿ ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಯಲ್ಲಿ ವಜಾ ಆಗುವ ಹಣ. ಅದನ್ನು ನೋಡಿ ಪ್ರವಾಸವನ್ನೇ ಕೈಬಿಟ್ಟ ಕಕ್ಷಿದಾರರಿದ್ದಾರೆ.

ವೀಸಾದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹಡಗು ಮಲೇಷ್ಯಕ್ಕೋ ಥಾಯ್ಲೆಂಡಿಗೋ ಹೋಗಿ ಬಂದ ಮೇಲೆ ಸಿಂಗಪುರದಲ್ಲಿ ಇಳಿಯುವುದು ಹೊಸ ಪ್ರವೇಶವೆಂದೇ ಲೆಕ್ಕ, ಆದ್ದರಿಂದ ಬಹುಪ್ರವೇಶದ ವೀಸಾ ಇರಬೇಕು, ಎಸ್‌ಜಿ ಅರೈವಲ್ ಕಾರ್ಡ್ ಎಂಬ ಸಿಂಗಪುರದ ಆಗಮನ ಪತ್ರವನ್ನೂ ಪ್ರತಿ ಪ್ರವೇಶಕ್ಕೆ ಬೇರೆಯಾಗಿ ಸಲ್ಲಿಸಬೇಕು. ಯುರೋಪಿನಲ್ಲಿಯೂ ಹಾಗೆಯೇ: ಗ್ರೀಸಿನಿಂದ ಹೊರಟು ಟರ್ಕಿಯ ಕುಸಾದಾಸಿಗೆ ಹೋಗಿ ಮರಳುವ ಹಡಗಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ, ಆದರೆ ಟರ್ಕಿಗೆ ಸಲ್ಲದ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಸಾಲದು. ಅಮೆರಿಕದ್ದು ಇನ್ನೂ ವಿಚಿತ್ರ. ವಿದೇಶಿ ಧ್ವಜದ ಹಡಗು ದೂರದ ಪರದೇಶದ ಬಂದರನ್ನು ಮುಟ್ಟದೆ ಅಲ್ಲಿನ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸಬಾರದೆಂಬ 1886ರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರಿಗೆ ಒಂದು ಯಾನ, ವ್ಯಾಂಕೂವರಿನಿಂದ ಅಲಾಸ್ಕದ ಸ್ಯೂವರ್ಡಿಗೆ ಇನ್ನೊಂದು ಯಾನ, ಬಿಡಿಬಿಡಿಯಾಗಿ ಎರಡೂ ಸರಿ. ಒಂದೇ ಹಡಗಿನಲ್ಲಿ ಒಬ್ಬರೇ ಎರಡನ್ನೂ ಬೆನ್ನಿಗೆ ಬೆನ್ನು ಮಾಡಿದರೆ ಅದು ಲಾಸ್ ಏಂಜಲೀಸ್‌ನಿಂದ ಸ್ಯೂವರ್ಡಿಗೆ ಒಂದೇ ಪ್ರಯಾಣವೆಂದು ಲೆಕ್ಕ, ನೆರೆಯ ಕೆನಡಾದ ವ್ಯಾಂಕೂವರ್ ‘ದೂರದ’ ಬಂದರಲ್ಲವಾದ್ದರಿಂದ ಕಾನೂನಿನ ಉಲ್ಲಂಘನೆ.

ಇನ್ನು ಬೇಸರದ ಮಾತು. ಬೆನ್ನಿಗೆ ಬೆನ್ನು ಯಾನದಲ್ಲಿ ನನಗೆ ಬಹಳ ಹಿಡಿಸುವುದು ಎರಡರ ನಡುವಿನ ಆ ಒಂದು ದಿನ. ಹಿಂದಿನ ರಾತ್ರಿಯೇ ಇಳಿಯುವವರ ಪೆಟ್ಟಿಗೆಗಳು ಚೀಟಿ ಕಟ್ಟಿಸಿಕೊಂಡು ಓಣಿಯಲ್ಲಿ ಸಾಲಾಗಿ ನಿಂತಿರುತ್ತವೆ, ನಮ್ಮ ಬಾಗಿಲ ಮುಂದೆ ಮಾತ್ರ ಏನೂ ಇರುವುದಿಲ್ಲ. ಬೆಳಗಾದರೆ ಪೆಟ್ಟಿಗೆಗಳ ಜಾಗದಲ್ಲಿ ಬಿಳಿಯ ಹಾಸುಹೊದಿಕೆಗಳ ಗಂಟುಗಳು. ಕೆಳಗೆ ಬಂದರುಕಟ್ಟೆಯಲ್ಲಿ ಫೋರ್ಕ್‌ಲಿಫ್ಟ್‌ಗಳು ತರಕಾರಿ, ಮೊಟ್ಟೆಗಳ ಪ್ಯಾಲೆಟ್‌ಗಳನ್ನು ಹಡಗಿನ ಹೊಟ್ಟೆಗೆ ತಳ್ಳುತ್ತಿರುತ್ತವೆ. ಒಂದು ಮದುವೆಯವರು ಖಾಲಿ ಮಾಡಿ ಇನ್ನೊಂದು ಮದುವೆಯವರು ಕಾಲಿಡುವ ನಡುವಿನ ಕಲ್ಯಾಣ ಮಂಟಪದಂತೆ ಇಡೀ ಹಡಗು ಕೆಲವು ಗಂಟೆ ಆಳುಕಾಳುಗಳದ್ದಾಗಿರುತ್ತದೆ. ನಮ್ಮಂಥವರನ್ನು ಒಂದೆಡೆ ಕೂಡಿಸಿ, ಮುಂದಿನ ಯಾನದ ಕಾರ್ಡು ಕೊಟ್ಟು, ವಲಸೆ ತಪಾಸಣೆ ಮುಗಿಸಿ ಮತ್ತೆ ಒಳಗೆ ಬಿಡುತ್ತಾರೆ. ಈ ಕ್ರಮ ಬಂದರಿನಿಂದ ಬಂದರಿಗೆ ಬೇರೆ. ಅಮೆರಿಕದ ಬಂದರುಗಳಲ್ಲಿ ಹಳೆಯ ಪ್ರಯಾಣಿಕರೆಲ್ಲ ಕೆಳಗಿಳಿದು ಹಡಗು ಪೂರ್ತಿ ಬರಿದಾದ ಲೆಕ್ಕ ಸಿಕ್ಕಿದ ಮೇಲೆಯೇ ಹೊಸಬರನ್ನು ಹತ್ತಿಸುವುದು. ನಾವು ಮರಳಿ ಒಳಗೆ ಬಂದ ಮೇಲೆ ಹೊಸಬರು ಬರುವವರೆಗೆ ಈಜುಕೊಳದಲ್ಲಿ ನಮ್ಮ ಮಕ್ಕಳದೇ ರಾಜ್ಯ. ಸಂಜೆ ಮಾತ್ರ ಮಸ್ಟರ್ ಡ್ರಿಲ್ ಎಂಬ ತುರ್ತು ಸುರಕ್ಷತೆಯ ಅಭ್ಯಾಸವನ್ನು ನಾವೂ ಹೊಸಬರೊಡನೆ ಮತ್ತೊಮ್ಮೆ ಮಾಡಬೇಕು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದಾಗ ಆ ದಿನವಷ್ಟೇ ಹತ್ತಿದ್ದ ಅನೇಕರಿಗೆ ಈ ಅಭ್ಯಾಸ ಆಗಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ಮಾಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಅದರ ನಂತರ ಬಂದದ್ದು. ಮಕ್ಕಳು ಗೊಣಗಿದರೆ ನಾನು ಈ ಕಥೆಯನ್ನೇ ಹೇಳುವುದು.

ಎರಡು ಯಾನಗಳೂ ಮಲೇಷ್ಯದ ಪೆನಾಂಗ್‌ಗೆ ಹೋಗುವಂತಿದ್ದರೆ ಒಂದೇ ಊರಿಗೆ ಎರಡು ಸಲ ಹೋದಂತಾಯಿತಲ್ಲ ಎಂದು ಕೇಳುವವರಿದ್ದಾರೆ. ನಾನು ಅಂಥದ್ದನ್ನೇ ಹುಡುಕುತ್ತೇನೆ. ಮೊದಲ ಸಲ ಎಲ್ಲರಂತೆ ಪೆನಾಂಗ್ ಬೆಟ್ಟದ ರೈಲು, ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಎಂದು ಗಡಿಯಾರ ನೋಡುತ್ತ ಓಡಿದ್ದಾಗಿರುತ್ತದೆ. ಎರಡನೆಯ ಸಲ ಹಡಗುಕಟ್ಟೆಯಿಂದ ನಡೆದೇ ಜಾರ್ಜ್‌ಟೌನ್ ಸೇರಬಹುದು. 2008ರಲ್ಲಿ ಮಲಕ್ಕಾದೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಹಳೆಯ ಪೇಟೆಯ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮನ ಗುಡಿಯಿದೆ. ನಮ್ಮ ಅತ್ತೆ ಅಲ್ಲಿ ಹೂವು ಮಾರುವ ಹೆಂಗಸಿನೊಡನೆ ತಮ್ಮ ಮುರುಕು ತಮಿಳಿನಲ್ಲಿ ಕನಕಾಂಬರದ ದರಕ್ಕೆ ಚೌಕಾಸಿ ಮಾಡುತ್ತ ನಿಂತಿದ್ದರೆ ಅವರನ್ನು ಹೊರಡಿಸಲು ನಮಗೆ ಯಾವ ಅವಸರವೂ ಇರಲಿಲ್ಲ, ಬೆಟ್ಟ ಆಗಲೇ ನೋಡಿ ಆಗಿತ್ತಲ್ಲ. ಬಾಳೆಲೆಯ ಊಟ ಮುಗಿಸಿ, ನೆರಳು ಹುಡುಕಿಕೊಂಡು ಹಡಗಿಗೆ ಮರಳಿದೆವು.

ಊಟದ ವಿಷಯದಲ್ಲಿ ಆಕ್ಷೇಪಣೆ ಅರ್ಧ ನಿಜ. ಮುಖ್ಯ ಭೋಜನಶಾಲೆಯ ಪಟ್ಟಿ ಎರಡನೆಯ ಯಾನದಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ರಂಗಮಂದಿರದ ಪ್ರದರ್ಶನಗಳೂ ಬಹುಪಾಲು ಅವೇ. ಆದರೆ ಅದೇ ಮೇಜನ್ನು ಕೇಳಿ ಪಡೆದರೆ ಬಡಿಸುವವನಿಗೆ ನಮ್ಮ ಮನೆಯ ರೀತಿ ಗೊತ್ತಾಗಿರುತ್ತದೆ. ಅಮ್ಮನಿಗೆ ಕೊನೆಯಲ್ಲಿ ಮೊಸರನ್ನವೂ ಹಸಿಮೆಣಸಿನಕಾಯಿಯೂ ಹೇಳದೆಯೇ ಬರುತ್ತವೆ. ಹಡಗುಗಳಲ್ಲಿ ಭಾರತೀಯ ಸಿಬ್ಬಂದಿ ಬಹಳ, ಸಸ್ಯಾಹಾರವೆಂದು ಮೊದಲೇ ತಿಳಿಸಿದ್ದರೆ ತೊಂದರೆಯಿಲ್ಲ. ವಯಸ್ಸಾದವರಿಗೆ ಹೊಟ್ಟೆ ತೊಳಸುವ ಭಯವಿದ್ದರೆ ಮಲಕ್ಕಾ ಜಲಸಂಧಿಯ ಯಾನ ಅನುಕೂಲ: ಒಂದು ಕಡೆ ಮಲಯ ಪರ್ಯಾಯ ದ್ವೀಪ, ಇನ್ನೊಂದು ಕಡೆ ಸುಮಾತ್ರಾ ಇರುವುದರಿಂದ ಅಲ್ಲಿ ಅಲೆಗಳ ಅಬ್ಬರ ಕಡಿಮೆ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ.

ರಜೆಯೆಂದರೆ ನೋಡಿದ ಊರುಗಳ ಪಟ್ಟಿ ಉದ್ದವಾಗಬೇಕು ಎನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅದೇ ಹಣದಲ್ಲಿ ನೆಲದ ಮೇಲೆ ಹೆಚ್ಚು ಊರು ನೋಡಬಹುದು. ಪಾಸ್‌ಪೋರ್ಟ್ ಮಾಡಿಸುವ ಗೊಡವೆ ಬೇಡವೆನ್ನುವವರಿಗೆ ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಇದೆ. ಆದರೆ ಮಳೆಗಾಲ ಹತ್ತಿರವಾದಂತೆ ಅರಬ್ಬೀ ಸಮುದ್ರ ಒರಟಾಗುತ್ತದೆ, ಸಣ್ಣ ದೋಣಿಯಲ್ಲಿ ದಡ ಸೇರಬೇಕಾದ ದ್ವೀಪಗಳಲ್ಲಿ ಇಳಿಯುವುದೇ ರದ್ದಾಗುವ ಸಂಭವ ಇರುತ್ತದೆ.

ಹೊರಡುವುದಾದರೆ ಮಾರ್ಚ್ ಮುಗಿದ ಕೂಡಲೇ, ಏಪ್ರಿಲ್‌ನಲ್ಲಿ ಹೊರಡಿ. ನಮ್ಮ ಶಾಲೆಗಳಿಗೆ ಆಗ ರಜೆ, ಕಾಫಿ ಕೊಯ್ಲು ಮುಗಿದು ತೋಟದವರ ಕೈಯೂ ಬಿಡುವಾಗಿರುತ್ತದೆ, ಸಿಂಗಪುರದ ಮಕ್ಕಳಿಗೆ ವರ್ಷದ ನಡುವಿನ ರಜೆ ಬರುವುದು ಜೂನ್‌ನಲ್ಲಿ. ಎರಡರಲ್ಲಿ ವಾರಾಂತ್ಯದ ಯಾನವನ್ನು ಮೊದಲಿಗೆ ಇಟ್ಟುಕೊಳ್ಳಿ. ಅದರಲ್ಲಿ ಜನ ಕಿಕ್ಕಿರಿದಿರುತ್ತಾರೆ, ಹಡಗಿನ ದಾರಿಗಳು ಅರ್ಥವಾಗುವಷ್ಟರಲ್ಲಿ ಅದು ಮುಗಿಯುತ್ತದೆ. ಸೋಮವಾರ ಅವರೆಲ್ಲ ಇಳಿದು ಕೆಲಸಕ್ಕೆ ಹೋದ ಮೇಲೆ ವಾರದ ನಡುವಿನ ಯಾನದಲ್ಲಿ ಕೂರಲು ಕುರ್ಚಿಯೂ ಸಿಗುತ್ತದೆ, ಲಿಫ್ಟೂ ಸಿಗುತ್ತದೆ.