ನೆನೆಸಿದ ದ್ರಾಕ್ಷಿಯ ಸಿಹಿ ನೀರು

ತಿಕೋಟಾ ಕಡೆಯ ನೆಂಟರ ತೋಟದಿಂದ ಪ್ರತಿ ಬೇಸಿಗೆಯಲ್ಲೂ ವಿಜಯಪುರದ ನಮ್ಮ ಮನೆಗೆ ಒಣದ್ರಾಕ್ಷಿ ಬರುತ್ತದೆ. ಕಳೆದ ವಾರ ರಾತ್ರಿ ಒಂದು ಹಿಡಿ ನೆನೆಸಿಟ್ಟಿದ್ದೆ. ಬೆಳಿಗ್ಗೆ ಅವು ಉಬ್ಬಿದ್ದನ್ನು ಕಂಡು, ಒಂಬತ್ತನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳು, "ಕಾಕಾ, ಇದು ಅಭಿಸರಣೆ" ಎಂದಳು. ಕೋಶಪೊರೆ ಸಕ್ಕರೆಯನ್ನು ಒಳಗೇ ತಡೆದು ನೀರನ್ನು ಮಾತ್ರ ಒಳಬಿಡುತ್ತದೆ, ಅದರಿಂದ ದ್ರಾಕ್ಷಿ ಉಬ್ಬುತ್ತದೆ ಎಂಬುದು ಅವಳ ಪುಸ್ತಕದ ವಿವರಣೆ. ಬಟ್ಟಲಿನ ನೀರನ್ನು ಕುಡಿದು ನೋಡು ಎಂದೆ. ಸಿಹಿಯಾಗಿತ್ತು.

ಪುಸ್ತಕದ ವಿವರಣೆಗೆ ತೊಡಕಾಗುವುದು ಈ ಸಿಹಿಯೇ. ಕೋಶಪೊರೆಯೆಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟೂ ದಪ್ಪವಿಲ್ಲದ, ಕೊಬ್ಬಿನ ಅಣುಗಳ ಜೋಡಿ ಪದರ. ಆಮ್ಲಜನಕ ಅದರೊಳಗಿಂದ ಸಲೀಸಾಗಿ ನುಸುಳುತ್ತದೆ. ಸಕ್ಕರೆಗೆ, ಉಪ್ಪಿನ ಅಯಾನುಗಳಿಗೆ ಪ್ರೋಟೀನುಗಳು ದಾರಿ ಮಾಡಿಕೊಡಬೇಕು. ನೀರಿಗೂ ಪ್ರತ್ಯೇಕ ಕಾಲುವೆಗಳಿವೆ. ಅಕ್ವಾಪೊರಿನ್ ಎಂಬ ಈ ಪ್ರೋಟೀನನ್ನು ಗುರುತಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಬಂತು. ಇಂಥ ಪೊರೆ ಸುಸ್ಥಿತಿಯಲ್ಲಿದ್ದಿದ್ದರೆ ನೀರು ಒಳಗೆ ಹೋಗಬೇಕಿತ್ತೇ ಹೊರತು ಸಕ್ಕರೆ ಹೀಗೆ ಹೊರಬರಬಾರದಿತ್ತು.

ಆದರೆ ನಮ್ಮ ಕಡೆ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಣದ ಲೇಪ ಸಡಿಲಾದ ಮೇಲೆ ಶೆಡ್ಡಿನ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣು ಆರಿ ಒಂದು ಕಿಲೋ ಆಗುತ್ತದೆ. ಅಷ್ಟು ನೀರು ಕಳೆದುಕೊಂಡ ಕೋಶಗಳು ಬದುಕಿರುವುದಿಲ್ಲ, ಅವುಗಳ ಪೊರೆಯೂ ಉಳಿದಿರುವುದಿಲ್ಲ. ನೆನೆದಾಗ ಸಕ್ಕರೆಯನ್ನು ಒಂದಿಷ್ಟು ತಡವಾಗಿಸುವುದು ಹಣ್ಣಿನ ಸಿಪ್ಪೆ ಮಾತ್ರ. ಪ್ರಯೋಗ ಸುಲಭವೆಂದು ಶಾಲೆಗಳಲ್ಲಿ ಉಳಿದುಬಂದಿದೆ. ಆದರೆ ಕೋಶಪೊರೆಗೆ ಅದನ್ನು ಸಾಕ್ಷಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಭಾನುವಾರ ಅವಳನ್ನು ನಾನು ಪಾಠ ಹೇಳುವ ಕಾಲೇಜಿಗೆ ಕರೆದೊಯ್ದು, ಕೆಂಪು ಉಳ್ಳಾಗಡ್ಡಿಯ ತೆಳುವಾದ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಇಟ್ಟಿಗೆ ಜೋಡಿಸಿದಂತಿದ್ದ ಕೋಶಗಳ ತುಂಬ ನೇರಳೆ ಬಣ್ಣವಿತ್ತು. ಗಾಜಿನ ಒಂದು ಬದಿಗೆ ಉಪ್ಪುನೀರಿನ ಹನಿ ಹಾಕಿ, ಇನ್ನೊಂದು ಬದಿಯಿಂದ ಒತ್ತುಕಾಗದದಲ್ಲಿ ಹೀರಿದೆವು. ತುಸು ಹೊತ್ತಿನಲ್ಲೇ ಬಣ್ಣದ ಭಾಗ ಕೋಶಭಿತ್ತಿಯನ್ನು ಬಿಟ್ಟು ನಡುವಿಗೆ ಸರಿದು ಉಂಡೆಯಾಯಿತು, ಇನ್ನಷ್ಟು ಗಾಢವಾಯಿತು. ನೀರು ಹೊರಟುಹೋಗಿತ್ತು, ಬಣ್ಣ ಮಾತ್ರ ಹೊರಗೆ ಸೋರಲಿಲ್ಲ. ಉಪ್ಪನ್ನು ತೊಳೆದು ಬರಿಯ ನೀರು ಕೊಟ್ಟಾಗ ಹೆಚ್ಚಿನ ಉಂಡೆಗಳು ಮತ್ತೆ ಹಿಗ್ಗಿ ಗೋಡೆಯನ್ನು ಮುಟ್ಟಿದವು.

ಬಳಿಕ ಇನ್ನೊಂದು ಚೂರನ್ನು ಪ್ರನಾಳದಲ್ಲಿ ಕುದಿಸಿದೆವು. ಸಿಪ್ಪೆ ಬಿಳಿಚಿಕೊಂಡು, ಬಣ್ಣವೆಲ್ಲ ನೀರಿಗಿಳಿಯಿತು. ಅವಳು ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು, "ದ್ರಾಕ್ಷಿಯ ಸಕ್ಕರೆ ಬಂದಂತೆಯೇ ಬಂತು" ಎಂದಳು.